ಆರೋಗ್ಯಕ್ಕೆ ಟೈಮೇ ಇಲ್ಲ ಅಂತೀರಾ? ನಿಮ್ಮ ಪಾಲಿನ ಸಮಯ ಎಲ್ಲಿದೆ, ಅದನ್ನು ಪಡೆಯೋದು ಹೇಗೆ? ಇಲ್ಲಿದೆ ಸಂಪೂರ್ಣ ಮಾಹಿತಿ

ಹೈದರಾಬಾದ್: ಬೆಳಿಗ್ಗೆ ಗಡಿಬಿಡಿಯಲ್ಲಿ ತಿಂಡಿ, ಆಮೇಲೆ ಬಸ್ಸು ಅಥವಾ ಮೆಟ್ರೋ, ಸಂಜೆವರೆಗೂ ಕೆಲಸ, ಮನೆಗೆ ಬಂದರೆ ಮತ್ತೆ ಕೆಲಸ. ಇದರ ನಡುವೆ ವಾಕಿಂಗ್, ಯೋಗ, ಹೆಲ್ತ್ ಚೆಕಪ್ ಅಂದರೆ ಬಹುತೇಕರ ಉತ್ತರ ಒಂದೇ: 'ಟೈಮ್ ಎಲ್ಲಿದೆ?'

ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಸಲಹೆ 'ಒಂದು ಗಂಟೆ ಬೇಗ ಏಳಿ' ಎಂಬುದು. ಆದರೆ ಹತ್ತು ಗಂಟೆ ದುಡಿದು ಬಂದವರು ನಿದ್ದೆ ಕಡಿಮೆ ಮಾಡಿ ವ್ಯಾಯಾಮ ಮಾಡಿದರೆ ಒಂದು ಕಡೆ ಗಳಿಸಿದ್ದನ್ನು ಇನ್ನೊಂದು ಕಡೆ ಕಳೆದುಕೊಂಡಂತೆ. ಆರೋಗ್ಯದ ಸಮಯವನ್ನು ನಿದ್ದೆಯಿಂದ ಕದಿಯಬೇಕಿಲ್ಲ. ಅದರ ಒಂದು ಪಾಲು ಕಾನೂನಿನಲ್ಲೇ ಇದೆ, ಇನ್ನೊಂದು ಪಾಲು ದಿನನಿತ್ಯದ ಓಡಾಟದಲ್ಲಿದೆ, ಮತ್ತೊಂದು ಪಾಲು ಮನೆಯವರು ಕೆಲಸ ಹಂಚಿಕೊಳ್ಳುವುದರಲ್ಲಿದೆ. ಇದನ್ನು ಅರ್ಥ ಮಾಡಿಕೊಳ್ಳಲು ಹೈದರಾಬಾದ್‌ನ ಸನತ್‌ನಗರ ಒಳ್ಳೆಯ ಉದಾಹರಣೆ.

ಸನತ್‌ನಗರವೇ ಏಕೆ?

ಉರ್ದುವಿನಲ್ಲಿ 'ಸನತ್' ಎಂದರೆ ಕೈಗಾರಿಕೆ. ಹೆಸರೇ ಹೇಳುವಂತೆ ಇದು ಕಾರ್ಖಾನೆಗಳ ಸುತ್ತ ಬೆಳೆದ ಬಡಾವಣೆ. ಫ್ರಿಜ್, ಬಸ್ ಬಾಡಿ, ಕೈಗಡಿಯಾರಗಳಿಗೆ ಹೆಸರಾಗಿದ್ದ ಹೈದರಾಬಾದ್ ಆಲ್ವಿನ್ ಕಂಪನಿಯ ಕಾರ್ಖಾನೆ ಇದ್ದದ್ದು ಇಲ್ಲಿಯೇ. ಕಲಬುರಗಿ ಜಿಲ್ಲೆಯ ವಾಡಿಯಿಂದ ಸಿಕಂದರಾಬಾದ್‌ಗೆ ಹೋಗುವ ರೈಲು ಮಾರ್ಗವೂ ಸನತ್‌ನಗರದ ಮೂಲಕವೇ ಸಾಗುತ್ತದೆ. 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದ ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳ ಜನರಿಗೆ ಈ ನಗರದ ನಂಟು ಇಂದಿಗೂ ಇದೆ.

ಕಾರ್ಖಾನೆಗಳ ಜೊತೆಗೆ ಈ ಪ್ರದೇಶದಲ್ಲಿ ಆಸ್ಪತ್ರೆಗಳೂ ಬೆಳೆದವು. ನೌಕರರ ರಾಜ್ಯ ವಿಮಾ ನಿಗಮದ ದೊಡ್ಡ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜು ಸನತ್‌ನಗರದಲ್ಲಿದೆ. ಇದೇ ನಿಗಮ ಕರ್ನಾಟಕದಲ್ಲಿ ಬೆಂಗಳೂರಿನ ರಾಜಾಜಿನಗರ ಮತ್ತು ಕಲಬುರಗಿಯಲ್ಲಿ ವೈದ್ಯಕೀಯ ಕಾಲೇಜು ನಡೆಸುತ್ತಿದೆ. ಪಕ್ಕದ ಎರ್ರಗಡ್ಡದಲ್ಲಿ ಸರ್ಕಾರಿ ಎದೆರೋಗ ಆಸ್ಪತ್ರೆ ಹಾಗೂ ಮಾನಸಿಕ ಆರೋಗ್ಯ ಸಂಸ್ಥೆ ಇವೆ. ಮೆಟ್ರೋ ನಿಲ್ದಾಣವೊಂದಕ್ಕೆ 'ಇಎಸ್‌ಐ ಹಾಸ್ಪಿಟಲ್' ಎಂದೇ ಹೆಸರು. ದುಡಿಮೆ ಮತ್ತು ಆರೋಗ್ಯವನ್ನು ಬೇರೆ ಬೇರೆಯಾಗಿ ನೋಡಲು ಆಗದು ಎಂಬುದಕ್ಕೆ ಈ ಪ್ರದೇಶದ ನಕ್ಷೆಯೇ ಸಾಕ್ಷಿ.

ವಾರದ 168 ಗಂಟೆ ಎಲ್ಲಿ ಹೋಗುತ್ತದೆ?

ಮೊದಲು ಸರಳ ಲೆಕ್ಕ ನೋಡೋಣ. ವಾರಕ್ಕೆ ಇರುವುದು 168 ಗಂಟೆ. ಉದಾಹರಣೆಗೆ, ವಾರದಲ್ಲಿ ಆರು ದಿನ ದುಡಿಯುವ ಒಬ್ಬರ ಲೆಕ್ಕ ಹೀಗಿರಬಹುದು:

* ಕೆಲಸ: 48 ಗಂಟೆ
* ನಿದ್ದೆ, ದಿನಕ್ಕೆ 7 ಗಂಟೆಯಂತೆ: 49 ಗಂಟೆ
* ಪ್ರಯಾಣ, ದಿನಕ್ಕೆ 2 ಗಂಟೆಯಂತೆ 6 ದಿನ: 12 ಗಂಟೆ
* ಸ್ನಾನ, ಊಟ, ತಿಂಡಿ, ದಿನಕ್ಕೆ ಎರಡೂವರೆ ಗಂಟೆಯಂತೆ: 17.5 ಗಂಟೆ

ಒಟ್ಟು 126.5 ಗಂಟೆ. ಉಳಿಯುವುದು 41.5 ಗಂಟೆ. ಕಾಗದದ ಮೇಲೆ ಇದು ಸಾಕಷ್ಟು ಸಮಯ. ಆದರೆ ಈ ಲೆಕ್ಕದಲ್ಲಿ ಮನೆಗೆಲಸ ಇನ್ನೂ ಸೇರಿಲ್ಲ.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸುತ್ತಾರೆ. ಮನೆಗೆಲಸ ಮಾಡುವ ಪುರುಷರು ವ್ಯಯಿಸುವುದು 88 ನಿಮಿಷ. ಮೇಲಿನ ಲೆಕ್ಕಕ್ಕೆ ಇದನ್ನು ಸೇರಿಸಿದರೆ ಪುರುಷನ ಕೈಯಲ್ಲಿ ವಾರಕ್ಕೆ ಸುಮಾರು 31 ಗಂಟೆ ಉಳಿಯುತ್ತದೆ. ಮಹಿಳೆಯ ಕೈಯಲ್ಲಿ ಉಳಿಯುವುದು 8 ಗಂಟೆಗೂ ಕಡಿಮೆ. ಈ ಸರಾಸರಿಯಲ್ಲಿ ಗೃಹಿಣಿಯರೂ ಇದ್ದಾರೆ ಎಂಬುದು ನಿಜ. ಆದರೂ ಹೊರಗೆ ದುಡಿದು ಮನೆಗೆಲಸವನ್ನೂ ಮಾಡುವ ಮಹಿಳೆಗೆ 'ಟೈಮ್ ಇಲ್ಲ' ಎನ್ನುವುದು ನೆಪವಲ್ಲ, ವಾಸ್ತವ ಎಂಬುದು ಇದರಿಂದ ಸ್ಪಷ್ಟ.

ಹಾಗಾಗಿ 'ನಾನು ಏನು ಮಾಡಬೇಕು' ಎಂಬುದರ ಜೊತೆಗೆ 'ನನ್ನ ಸಮಯ ಯಾರ ಬಳಿ ಇದೆ' ಎಂದೂ ಕೇಳಬೇಕು.

ಕಡೆಗಣಿಸಿದರೆ ಏನಾಗುತ್ತದೆ?

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಜಂಟಿ ಅಧ್ಯಯನವೊಂದನ್ನು ಪ್ರಕಟಿಸಿದವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಮತ್ತು ಹೃದಯ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು ಎಂದು ಅದು ಹೇಳಿತು. 48 ಗಂಟೆಯ ವಾರಕ್ಕೆ ಪ್ರತಿದಿನ ಒಂದು ಗಂಟೆಗೂ ಸ್ವಲ್ಪ ಹೆಚ್ಚು ಓಟಿ ಸೇರಿದರೆ 55 ಗಂಟೆ ತಲುಪುತ್ತದೆ ಎಂಬುದನ್ನು ಗಮನಿಸಿ.

ಭಾರತದ ಸ್ಥಿತಿ ನೋಡಿದರೆ ಚಿಂತೆ ಇನ್ನೂ ಹೆಚ್ಚುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ 13.6 ಕೋಟಿ ಜನ ಮಧುಮೇಹದ ಹೊಸ್ತಿಲಲ್ಲಿದ್ದಾರೆ. 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಯಲ್ಲಿ 2024ರಲ್ಲಿ ಬಂದ ಅಧ್ಯಯನದ ಪ್ರಕಾರ, ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅಗತ್ಯದಷ್ಟು ದೈಹಿಕ ಚಟುವಟಿಕೆ ಇಲ್ಲ. ಪುರುಷರಲ್ಲಿ ಈ ಪ್ರಮಾಣ ಸುಮಾರು ಶೇ 42, ಮಹಿಳೆಯರಲ್ಲಿ ಶೇ 57. ಇಡೀ ದಿನ ಮನೆಗೆಲಸ ಮಾಡುವವರಿಗೂ ತಮಗಾಗಿ ನಡೆಯುವ, ಆಡುವ ಸಮಯ ಸಿಗುತ್ತಿಲ್ಲ ಎಂಬುದನ್ನು ಈ ಅಂತರ ನೆನಪಿಸುತ್ತದೆ.

ಮೊದಲ ಪಾಲು: ಕಾನೂನು ಕೊಟ್ಟಿರುವ ಸಮಯ

ವಾರದ ರಜೆ, ಊಟದ ಬಿಡುವು, ಸಂಬಳಸಹಿತ ರಜೆ ಇವು ಮಾಲೀಕರು ಮಾಡುವ ಉಪಕಾರವಲ್ಲ. ಕಾರ್ಖಾನೆ ಕಾರ್ಮಿಕರಿಗೆ ವಾರಕ್ಕೆ 48 ಗಂಟೆಯ ಮಿತಿಯನ್ನು 1948ರ ಕಾರ್ಖಾನೆ ಕಾಯ್ದೆಯೇ ಹಾಕಿತ್ತು. 2025ರ ನವೆಂಬರ್ 21ರಂದು ಜಾರಿಯಾದ ಕಾರ್ಮಿಕ ಸಂಹಿತೆಗಳಲ್ಲಿಯೂ ವಾರದ ಮಿತಿ ಅಷ್ಟೇ ಇದೆ. ಮುಖ್ಯ ಅಂಶಗಳು ಹೀಗಿವೆ:

* ದಿನಕ್ಕೆ ಸಾಮಾನ್ಯವಾಗಿ 8 ಗಂಟೆ ಕೆಲಸ, ವಾರಕ್ಕೆ ಒಂದು ದಿನ ರಜೆ.
* ಓವರ್‌ಟೈಮ್‌ಗೆ ಕಾರ್ಮಿಕರ ಒಪ್ಪಿಗೆ ಬೇಕು, ಅದಕ್ಕೆ ಎರಡು ಪಟ್ಟು ಕೂಲಿ ಕೊಡಬೇಕು.
* ವರ್ಷದಲ್ಲಿ 180 ದಿನ ಕೆಲಸ ಮಾಡಿದ ಕಾರ್ಮಿಕರಿಗೆ ಪ್ರತಿ 20 ದಿನಕ್ಕೆ 1 ದಿನದಂತೆ ಸಂಬಳಸಹಿತ ರಜೆ. ಮೊದಲು ಇದಕ್ಕೆ 240 ದಿನ ದುಡಿದಿರಬೇಕಿತ್ತು.
* 40 ವರ್ಷ ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ.

ಕಚೇರಿ ಕೆಲಸದವರು ಇನ್ನೊಂದು ವಿಷಯ ತಿಳಿದಿರಬೇಕು. ತೆಲಂಗಾಣ ಸರ್ಕಾರ 2025ರ ಜುಲೈನಲ್ಲಿ ವಾಣಿಜ್ಯ ಸಂಸ್ಥೆಗಳಿಗೆ ದಿನಕ್ಕೆ 10 ಗಂಟೆವರೆಗೆ ಕೆಲಸ ಮಾಡಿಸಲು ಅವಕಾಶ ನೀಡಿತು. ಅಂಗಡಿಗಳಿಗೆ ಈ ವಿನಾಯಿತಿ ಇಲ್ಲ. ಆದರೆ ವಾರದ ಮಿತಿ 48 ಗಂಟೆಯಾಗಿಯೇ ಉಳಿಯಿತು. ಅದನ್ನು ಮೀರಿದರೆ ಓಟಿ ಕೊಡಬೇಕು. 6 ಗಂಟೆಗಿಂತ ಹೆಚ್ಚು ಹೊತ್ತು ಸತತವಾಗಿ ದುಡಿಸುವಂತಿಲ್ಲ, ನಡುವೆ ಕನಿಷ್ಠ ಅರ್ಧ ಗಂಟೆ ಬಿಡುವು ಇರಬೇಕು. ಅಂದರೆ ಒಂದು ದಿನ 10 ಗಂಟೆ ದುಡಿದರೆ ಇನ್ನೊಂದು ದಿನ ಅಷ್ಟು ಸಮಯ ಉಳಿಯಬೇಕು. ಆ ಉಳಿದ ಸಮಯವನ್ನು ಕೇಳಿ ಪಡೆಯುವುದೇ ಆರೋಗ್ಯದ ಮೊದಲ ಹೆಜ್ಜೆ.

ಊಟದ ಬಿಡುವಿನಲ್ಲಿ ಸೀಟಿನಲ್ಲೇ ಕೂತು ಡಬ್ಬಿ ಮುಗಿಸುವ ಅಭ್ಯಾಸ ಹಲವರಿಗಿದೆ. ಅರ್ಧ ಗಂಟೆಯಲ್ಲಿ 20 ನಿಮಿಷ ಊಟಕ್ಕೆ, 10 ನಿಮಿಷ ಕಾಲಾಡಿಸಲು ಬಳಸಿದರೂ ವಾರಕ್ಕೆ ಒಂದು ಗಂಟೆಯ ನಡಿಗೆಯಾಗುತ್ತದೆ.

ಇಎಸ್‌ಐ ಕಾರ್ಡ್ ಇದ್ದರೆ ಏನೇನು ಸಿಗುತ್ತದೆ?

'ರಜೆ ಹಾಕಿದರೆ ಸಂಬಳ ಕಟ್' ಎಂಬ ಭಯದಿಂದ ಜ್ವರದಲ್ಲೂ ಕೆಲಸಕ್ಕೆ ಹೋಗುವವರು ಬಹಳ. ಇಎಸ್‌ಐ ಯೋಜನೆ ಇರುವುದು ಈ ಭಯಕ್ಕೆ ಉತ್ತರವಾಗಿ. 1948ರ ಕಾಯ್ದೆಯಡಿ ರೂಪುಗೊಂಡು 1952ರಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಆರಂಭವಾದ ಈ ಯೋಜನೆ ಈಗ ಸಾಮಾಜಿಕ ಭದ್ರತಾ ಸಂಹಿತೆಯ ಭಾಗ.

ಯಾರಿಗೆ ಅನ್ವಯ: 10 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ತಿಂಗಳಿಗೆ ₹21,000ದವರೆಗೆ ವೇತನ ಪಡೆಯುವವರಿಗೆ. 2017ರ ಜನವರಿಯಲ್ಲಿ ಈ ವೇತನ ಮಿತಿ ನಿಗದಿಯಾಯಿತು.

ವಂತಿಗೆ ಎಷ್ಟು: 2019ರ ಜುಲೈನಿಂದ ನೌಕರರ ಪಾಲು ವೇತನದ ಶೇ 0.75, ಮಾಲೀಕರ ಪಾಲು ಶೇ 3.25. ₹20,000 ವೇತನವಿದ್ದರೆ ನೌಕರ ಕಟ್ಟುವುದು ₹150, ಮಾಲೀಕರು ಕಟ್ಟುವುದು ₹650.

ಚಿಕಿತ್ಸೆ: ನೌಕರರಿಗೆ ಮತ್ತು ಅವರ ಅವಲಂಬಿತ ಕುಟುಂಬಕ್ಕೆ.

ಅನಾರೋಗ್ಯ ಭತ್ಯೆ: ವೈದ್ಯರ ಪ್ರಮಾಣಪತ್ರವಿದ್ದರೆ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ 70. ₹20,000 ವೇತನದವರಿಗೆ ಇದು ದಿನಕ್ಕೆ ಸುಮಾರು ₹466. ಇದಕ್ಕೆ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನ ವಂತಿಗೆ ಕಟ್ಟಿರಬೇಕು.

ಹೆರಿಗೆ ಭತ್ಯೆ: 26 ವಾರ.

ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತ ಇದೆಯೇ ಎಂದು ಇಂದೇ ನೋಡಿ. ಪ್ರತಿ ತಿಂಗಳು ಹಣ ಕಟ್ಟಿಯೂ ಒಮ್ಮೆಯೂ ತಪಾಸಣೆಗೆ ಹೋಗದಿದ್ದರೆ ಅದು ನಿಮ್ಮದೇ ನಷ್ಟ.

ಎರಡನೇ ಪಾಲು: ಓಡಾಟದಲ್ಲಿ ಅಡಗಿರುವ 150 ನಿಮಿಷ

ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ದೈಹಿಕ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಹಿಂದೆ 'ಒಂದೇ ಸಲ ಕನಿಷ್ಠ 10 ನಿಮಿಷ' ಎಂಬ ಷರತ್ತು ಇತ್ತು. ಈಗ ಅದನ್ನು ಕೈಬಿಡಲಾಗಿದೆ. ಮೆಟ್ಟಿಲು ಹತ್ತಿದ ಎರಡು ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

150 ನಿಮಿಷ ಅಂದರೆ ವಾರದ 168 ಗಂಟೆಯಲ್ಲಿ ಕೇವಲ ಶೇ 1.5. ಇದನ್ನು ಹೊಂದಿಸಿಕೊಳ್ಳುವುದು ಹೇಗೆ?

ಹೈದರಾಬಾದ್ ಮೆಟ್ರೋದ ಮೂರು ಮಾರ್ಗಗಳ ಒಟ್ಟು ಉದ್ದ ಸುಮಾರು 69 ಕಿ.ಮೀ, ನಿಲ್ದಾಣಗಳು 57. ಅಂದರೆ ಎರಡು ನಿಲ್ದಾಣಗಳ ನಡುವೆ ಸರಾಸರಿ 1.2 ಕಿ.ಮೀ. ಚುರುಕಾಗಿ ನಡೆದರೆ 15 ನಿಮಿಷ. ಸನತ್‌ನಗರದ ಬಳಿ ಭರತ್‌ನಗರ, ಎರ್ರಗಡ್ಡ, ಇಎಸ್‌ಐ ಹಾಸ್ಪಿಟಲ್ ನಿಲ್ದಾಣಗಳು ಒಂದರ ನಂತರ ಒಂದು ಬರುತ್ತವೆ. ಬೆಳಿಗ್ಗೆ ಒಂದು ನಿಲ್ದಾಣದಷ್ಟು ದೂರ ನಡೆದು ರೈಲು ಹತ್ತಿ, ಸಂಜೆ ಒಂದು ನಿಲ್ದಾಣ ಮೊದಲೇ ಇಳಿದು ನಡೆದರೆ ದಿನಕ್ಕೆ 30 ನಿಮಿಷ. ಐದು ದಿನಕ್ಕೆ 150 ನಿಮಿಷ ಪೂರ್ತಿ! ಜಿಮ್ ಫೀಸ್ ಇಲ್ಲ, ಬೆಳಗಿನ ಜಾವದ ಅಲಾರಂ ಇಲ್ಲ. ಬೆಂಗಳೂರಿನ ನಮ್ಮ ಮೆಟ್ರೋ ಪ್ರಯಾಣಿಕರೂ ಇದನ್ನೇ ಮಾಡಬಹುದು. ಬಸ್ಸಿನವರು ಒಂದೆರಡು ಸ್ಟಾಪ್ ಮೊದಲೇ ಇಳಿಯಬಹುದು.

ಎರಡು ಎಚ್ಚರಿಕೆ ಇರಲಿ. ಒಂದು, ಹೆದ್ದಾರಿ ಬದಿಗಿಂತ ಒಳರಸ್ತೆ ಆರಿಸಿಕೊಳ್ಳಿ. ಸನತ್‌ನಗರದಲ್ಲಿ ವಾಯು ಗುಣಮಟ್ಟ ಅಳೆಯುವ ಕೇಂದ್ರವಿದ್ದು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪ್‌ನಲ್ಲಿ ಅಂದಿನ ಸೂಚ್ಯಂಕ ನೋಡಬಹುದು. 100ರೊಳಗಿದ್ದರೆ ತೃಪ್ತಿಕರ. 200 ದಾಟಿದ ದಿನ ಹೊರಗಿನ ನಡಿಗೆ ಬಿಟ್ಟು ಮನೆಯೊಳಗೆ ವ್ಯಾಯಾಮ ಮಾಡುವುದು ಒಳ್ಳೆಯದು. ಎರಡು, ನಡೆಯುವಾಗ ಎದೆನೋವು, ಉಸಿರುಗಟ್ಟುವಿಕೆ, ತಲೆಸುತ್ತು ಕಾಣಿಸಿಕೊಂಡರೆ ನಿಲ್ಲಿಸಿ ವೈದ್ಯರನ್ನು ಕಾಣಿ. ತುರ್ತಾದರೆ 108ಕ್ಕೆ ಕರೆ ಮಾಡಿ. 2005ರಲ್ಲಿ ಹೈದರಾಬಾದ್‌ನಲ್ಲೇ ಆರಂಭವಾದ ಈ ಆಂಬುಲೆನ್ಸ್ ಸೇವೆ ಕರ್ನಾಟಕದಲ್ಲೂ ಇದೆ.

ನಿದ್ದೆಗೆ ಕತ್ತರಿ ಬೇಡ

ವಯಸ್ಕರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು ಎಂಬುದು ತಜ್ಞರ ಸಲಹೆ. ನಿದ್ದೆ ಸತತವಾಗಿ ಕಡಿಮೆಯಾದರೆ ರಕ್ತದೊತ್ತಡ, ತೂಕ, ಸಕ್ಕರೆ ಪ್ರಮಾಣ ಎಲ್ಲದರ ಮೇಲೂ ಪರಿಣಾಮ ಬೀರುತ್ತದೆ. ಕೈಗಾರಿಕಾ ಪ್ರದೇಶಗಳಲ್ಲಿ ರಾತ್ರಿ ಪಾಳಿ ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ರಾತ್ರಿ ಪಾಳಿ ಕೆಲಸವನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಗುಂಪಿಗೆ ಸೇರಿಸಿದೆ. ಹಾಗೆಂದು ಎಲ್ಲರೂ ಪಾಳಿ ಬಿಡಲು ಆಗುವುದಿಲ್ಲ. ರಾತ್ರಿ ಪಾಳಿಯವರು ಈ ಕ್ರಮಗಳನ್ನು ಅನುಸರಿಸಬಹುದು:

* ಹಗಲು ಮಲಗುವ ಕೋಣೆಗೆ ದಪ್ಪ ಪರದೆ ಹಾಕಿ, ಫೋನ್ ಸೈಲೆಂಟ್‌ನಲ್ಲಿಡಿ.
* ಪಾಳಿ ಮುಗಿಯುವ ಕೊನೆಯ ಗಂಟೆಗಳಲ್ಲಿ ಚಹಾ, ಕಾಫಿ ಬೇಡ.
* ನಿದ್ದೆಯ ಸಮಯವನ್ನು ಮನೆಯವರಿಗೆ ತಿಳಿಸಿ. ಹಗಲಲ್ಲಿ ಮಲಗಿದವರನ್ನು ಸಣ್ಣಪುಟ್ಟ ಕೆಲಸಕ್ಕೆ ಎಬ್ಬಿಸದಂತೆ ಮೊದಲೇ ಮಾತಾಡಿಕೊಳ್ಳಿ.

ಅಡುಗೆ ಸುಲಭವಾಗಲಿ, ತಟ್ಟೆ ತುಂಬಿರಲಿ

ರಾಷ್ಟ್ರೀಯ ಪೋಷಣಾ ಸಂಸ್ಥೆ ಇರುವುದು ಹೈದರಾಬಾದ್‌ನಲ್ಲೇ. 1958ರಲ್ಲಿ ಕೂನೂರಿನಿಂದ ಇಲ್ಲಿಗೆ ಬಂದ ಈ ಸಂಸ್ಥೆ 2024ರ ಮೇ ತಿಂಗಳಲ್ಲಿ ಭಾರತೀಯರಿಗಾಗಿ 17 ಆಹಾರ ಸೂತ್ರಗಳನ್ನು ಪ್ರಕಟಿಸಿತು. ದೇಶದ ಒಟ್ಟು ಕಾಯಿಲೆಗಳ ಹೊರೆಯಲ್ಲಿ ಶೇ 56.4ರಷ್ಟಕ್ಕೆ ಅನಾರೋಗ್ಯಕರ ಆಹಾರವೇ ಕಾರಣ ಎಂಬ ಅಂದಾಜು ಅದರಲ್ಲಿದೆ. ದಿನಕ್ಕೆ ಉಪ್ಪು 5 ಗ್ರಾಂ ಮೀರಬಾರದು, ತರಕಾರಿ ಮತ್ತು ಹಣ್ಣು ಸೇರಿ ಸುಮಾರು 500 ಗ್ರಾಂ ಇರಬೇಕು ಎನ್ನುತ್ತದೆ ಆ ಮಾರ್ಗಸೂಚಿ.

ಇದಕ್ಕಾಗಿ ಹೊಸ ಅಡುಗೆ ಕಲಿಯಬೇಕಿಲ್ಲ. ಕಲ್ಯಾಣ ಕರ್ನಾಟಕದ ಜೋಳದ ರೊಟ್ಟಿ, ಕಾಳು ಪಲ್ಯ, ಹಸಿ ಸೌತೆ, ಈರುಳ್ಳಿ, ಮೊಸರು ಇದ್ದರೆ ಒಳ್ಳೆಯ ಊಟ. ಕಟಕ ರೊಟ್ಟಿ ಒಮ್ಮೆ ಮಾಡಿಟ್ಟರೆ ಹಲವು ದಿನ ಬರುತ್ತದೆ. ರಾತ್ರಿಯೇ ಕಾಳು ನೆನೆಸಿ, ತರಕಾರಿ ಹೆಚ್ಚಿಟ್ಟರೆ ಬೆಳಗಿನ ಸಮಯ ಉಳಿಯುತ್ತದೆ. ಆದರೆ ಹೆಚ್ಚಿಡುವ ಕೆಲಸವೂ ಒಬ್ಬರ ಪಾಲಿಗೇ ಬಂದರೆ ಯಾವ ಸಮಯವೂ ಉಳಿದಂತಾಗುವುದಿಲ್ಲ.

ಮೂರನೇ ಪಾಲು: ಮನೆಯವರು ಕೊಡಬೇಕಾದ ಸಮಯ

289 ಮತ್ತು 88 ನಿಮಿಷಗಳ ಅಂತರವನ್ನು ಯಾವ ಆ್ಯಪ್ ಕೂಡ ತುಂಬಲಾರದು. ಮನೆಯ ಇತರರು ದಿನಕ್ಕೆ 45 ನಿಮಿಷದ ಕೆಲಸ ವಹಿಸಿಕೊಂಡರೆ ವಾರಕ್ಕೆ 5 ಗಂಟೆಗೂ ಹೆಚ್ಚು ಸಮಯ ಮನೆಯೊಡತಿಗೆ ಸಿಗುತ್ತದೆ. 'ಸಹಾಯ ಮಾಡಲಾ?' ಎಂದು ಕೇಳುವ ಬದಲು ಕೆಲಸವನ್ನೇ ಹಂಚಿಕೊಳ್ಳುವುದು ಮೇಲು. ಪಾತ್ರೆ ಒಬ್ಬರದು, ಬಟ್ಟೆ ಇನ್ನೊಬ್ಬರದು, ಮಕ್ಕಳ ಹೋಂವರ್ಕ್ ಮತ್ತೊಬ್ಬರದು. ಹೀಗೆ ಸಿಕ್ಕ ಸಮಯದಲ್ಲಿ ಮತ್ತೆ ಮನೆಗೆಲಸವೇ ತುಂಬಿಕೊಳ್ಳದಂತೆ ನೋಡಿಕೊಳ್ಳಬೇಕು. ವಾರಕ್ಕೆ ಎರಡು ಸಂಜೆ ಅಮ್ಮನಿಗೆ ವಾಕಿಂಗ್ ಎಂದು ಕ್ಯಾಲೆಂಡರ್‌ನಲ್ಲಿ ಬರೆದಿಟ್ಟರೆ ಅದಕ್ಕೆ ತೂಕ ಬರುತ್ತದೆ.

ಮನಸ್ಸು ಭಾರವಾದರೆ ಕನ್ನಡದಲ್ಲೇ ಮಾತಾಡಿ

ಊರು ಬಿಟ್ಟು ಬಂದವರಿಗೆ ಕೆಲಸದ ಒತ್ತಡದ ಜೊತೆಗೆ ಒಂಟಿತನವೂ ಕಾಡುತ್ತದೆ. ಭಾಷೆ ಬೇರೆಯಾದಾಗ ಮನಸ್ಸಿನ ಮಾತು ಹೇಳಿಕೊಳ್ಳುವುದು ಇನ್ನೂ ಕಷ್ಟ. ಕೇಂದ್ರ ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿ 14416 ಇದಕ್ಕೆಂದೇ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಉಚಿತ ಸೇವೆ ದಿನದ 24 ಗಂಟೆಯೂ ಲಭ್ಯ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಕನ್ನಡವೂ ಸೇರಿದಂತೆ 20 ಭಾಷೆಗಳಲ್ಲಿ ಸೇವೆ ಇದೆ. ನಿದ್ದೆ ಬಾರದಿರುವುದು, ಸುಮ್ಮನೆ ಸಿಟ್ಟು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರ ಮುಂದುವರಿದರೆ ಕಾಯದೆ ಕರೆ ಮಾಡಿ.

ತಪಾಸಣೆ ಎಲ್ಲಿ?

ಸರ್ಕಾರದ ಕಾರ್ಯಕ್ರಮದಡಿ 30 ವರ್ಷ ದಾಟಿದವರಿಗೆ ರಕ್ತದೊತ್ತಡ, ಮಧುಮೇಹ ಹಾಗೂ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಇದೆ. ಹೈದರಾಬಾದ್‌ನಲ್ಲಿ 2018ರಿಂದ ನಡೆಯುತ್ತಿರುವ ಬಸ್ತಿ ದವಾಖಾನೆಗಳು, ಕರ್ನಾಟಕದಲ್ಲಿ ನಮ್ಮ ಕ್ಲಿನಿಕ್ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಡಾವಣೆಯ ಹತ್ತಿರವೇ ಸಿಗುತ್ತವೆ. ಬಿಪಿ ಮತ್ತು ಶುಗರ್ ಆರಂಭದಲ್ಲಿ ನೋವು ಕೊಡುವುದಿಲ್ಲ. ಹಾಗಾಗಿ 'ಏನೂ ಆಗಿಲ್ಲವಲ್ಲ' ಎಂಬುದು ತಪಾಸಣೆ ಮುಂದೂಡಲು ಕಾರಣವಾಗಬಾರದು.

ಈ ವಾರವೇ ಮಾಡಬಹುದಾದ 5 ಕೆಲಸ

1. ಮೂರು ದಿನ ನಿಮ್ಮ ಸಮಯ ಎಲ್ಲೆಲ್ಲಿ ಹೋಗುತ್ತಿದೆ ಎಂದು ಬರೆದಿಡಿ. ಮೊಬೈಲ್‌ನ ಸ್ಕ್ರೀನ್ ಟೈಮ್ ಕೂಡ ನೋಡಿ.
2. ಸಂಬಳದ ಚೀಟಿಯಲ್ಲಿ ಇಎಸ್‌ಐ, ಉಳಿದ ರಜೆ, ಓಟಿ ಲೆಕ್ಕ ಪರಿಶೀಲಿಸಿ.
3. ಒಂದು ನಿಲ್ದಾಣ ಅಥವಾ ಒಂದು ಸ್ಟಾಪ್ ನಡೆಯಲು ಆರಂಭಿಸಿ.
4. ಮನೆಯವರೆಲ್ಲ ಕೂತು ಕೆಲಸದ ಪಟ್ಟಿ ಮಾಡಿ, ಹೆಸರು ಹಾಕಿ ಹಂಚಿಕೊಳ್ಳಿ.
5. 30 ವರ್ಷ ದಾಟಿದ್ದರೆ ಬಿಪಿ, ಶುಗರ್ ತಪಾಸಣೆಗೆ ಒಂದು ದಿನ ಗೊತ್ತು ಮಾಡಿ.

ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಕಿಲ್ಲ. ಒಂದನ್ನು ಒಂದು ತಿಂಗಳು ಪಾಲಿಸಿ, ನಂತರ ಇನ್ನೊಂದನ್ನು ಸೇರಿಸಿ. ಈಗಾಗಲೇ ಬಿಪಿ, ಶುಗರ್, ಹೃದಯದ ತೊಂದರೆ ಇರುವವರು ಮತ್ತು ಗರ್ಭಿಣಿಯರು ಹೊಸ ವ್ಯಾಯಾಮ ಆರಂಭಿಸುವ ಮೊದಲು ವೈದ್ಯರ ಸಲಹೆ ಪಡೆಯುವುದು ಸೂಕ್ತ.